ಟಾಂಬೊನ ಏಕಾದಶಿ

ಕಾರು ಕೆಡಬಹುದಿತ್ತು. ಕೆಡದೆ ಉಳಿದರೂ ಹ್ಯೂಮ್ ಹೈವೇಯಲ್ಲಿ, ಎರಡೂ ಕಡೆ ಒಣಹುಲ್ಲು ಬಿಟ್ಟರೆ ಮತ್ತೇನೂ ಕಾಣದ ಜಾಗದಲ್ಲಿ, ಪೆಟ್ರೋಲು ಮುಗಿಯಬಹುದಿತ್ತು. ಕಾಂಗರೂ ಅಡ್ಡ ಬರಬಹುದಿತ್ತು. ಅಪ್ಪ ಸ್ಟಿಯರಿಂಗ್ ಹಿಡಿದೇ ತೂಕಡಿಸಬಹುದಿತ್ತು. ತೂಕಡಿಸದಿರಲೆಂದು ಅಮ್ಮ ಜಗಳ ತೆಗೆಯಬಹುದಿತ್ತು. ಜಗಳದ ಕಾವು ಏರಿ ಅಪ್ಪ ಮೆಲ್ಬರ್ನ್ ಬಿಟ್ಟು ಕ್ಯಾನ್‌ಬೆರಾ ಕಡೆಗೆ ತಿರುಗಿಸಿಬಿಡಬಹುದಿತ್ತು. ಗಿರಿ ಅಂಕಲ್ ಕೊಟ್ಟ ವಿಳಾಸದಲ್ಲಿ ಮನೆಯೇ ಇಲ್ಲದಿರಬಹುದಿತ್ತು, ಏಕೆಂದರೆ ಆ ರಸ್ತೆ ನಮ್ಮ ಮ್ಯಾಪ್ ಪುಸ್ತಕದಲ್ಲಿ ಇನ್ನೂ ಹುಟ್ಟಿರಲಿಲ್ಲ. ಬಿಸಿಲು ಹೆಚ್ಚಾಯಿತೆಂದು ಪಾರ್ಕು ಮುಚ್ಚಿರಬಹುದಿತ್ತು. ತೆರೆದಿದ್ದರೆ ಜನಜಂಗುಳಿಯಲ್ಲಿ ನಿಧಿ ಕಳೆದುಹೋಗಬಹುದಿತ್ತು, ಅವಳನ್ನು ಹುಡುಕಲು ಹೋಗಿ ನಾನು. ಯಾವುದಾದರೊಂದು ರೈಡು ನಮ್ಮನ್ನು ತಲೆಕೆಳಗು ಮಾಡಿದ ಹೊತ್ತಿಗೇ ಕರೆಂಟು ಹೋಗಬಹುದಿತ್ತು. ಮೊಸರನ್ನ ಹುಳಿ ಬರಬಹುದಿತ್ತು. ಟಾಂಬೊ ಅವತ್ತು ರಜೆ ಹಾಕಿರಬಹುದಿತ್ತು. ರಜೆ ಹಾಕದೆ ಬಂದ ಟಾಂಬೊನ ತಲೆ, ನಿಧಿಯ ಕಣ್ಣೆದುರಿಗೇ, ಕಳಚಿ ಕೆಳಗೆ ಬೀಳಬಹುದಿತ್ತು.

ಆ ಜನವರಿಯಲ್ಲಿ ಸಿಡ್ನಿಯಿಂದ ಹೊರಟ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು, ಇವುಗಳಲ್ಲಿ ಒಂದನ್ನೂ ಬಿಡದೆ ಯೋಚಿಸಿ ಮುಗಿಸಿದ್ದೆ. ನನಗಾಗ ಹನ್ನೆರಡು ವರ್ಷ. ಈಗ ತಲೆಯಲ್ಲಿ ಬಿಳಿಕೂದಲು ಬಂದಿವೆ, ಮಾರ್ಟ್‌ಗೇಜ್ ಬಂದಿದೆ, ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸ್ಸಾಗುವ ಅಭ್ಯಾಸವೂ ಬಂದಿದೆ. ಆದರೆ ಕಸುಬು ಕಲಿತದ್ದು ಆ ಮನೆಯಲ್ಲೇ. ಅಲ್ಲಿ ನಾವು ಕೆಲಸಗಳನ್ನು ಹಂಚಿಕೊಂಡಿದ್ದೆವು. ಅಪ್ಪ ಯೋಜನೆ ಹಾಕುತ್ತಿದ್ದರು, ಅಮ್ಮ ಅದನ್ನು ಮಾಡಿ ಮುಗಿಸುತ್ತಿದ್ದಳು, ತಂಗಿ ನಿಧಿ ಊಟ ಬಿಡುತ್ತಿದ್ದಳು. ಚಿಂತೆಯ ಖಾತೆ ನನ್ನದು.

ಮನೆ ಅಂದರೆ ಸಿಡ್ನಿಯ ಪಶ್ಚಿಮದ ಸಬರ್ಬ್ ಒಂದರಲ್ಲಿ, ರೈಲು ಹಳಿಗೆ ಬೆನ್ನು ಮಾಡಿ ನಿಂತ ಕಟ್ಟಡದ ಎರಡನೇ ಮಹಡಿಯ ರೆಂಟಿನ ಯೂನಿಟ್. ಅಡಿಗೆಮನೆಗೂ ಹಾಲಿಗೂ ನಡುವೆ ಗೋಡೆಯಿರಲಿಲ್ಲ. ಟೈಲ್ಸ್ ಮುಗಿದಲ್ಲಿಂದ ಕಾರ್ಪೆಟ್ ಶುರು, ಅಷ್ಟೇ ಗಡಿ. ಆ ಗಡಿಯ ನೆತ್ತಿಯ ಮೇಲೆ ಒಂದು ಸ್ಮೋಕ್ ಅಲಾರ್ಮ್. ಅದಕ್ಕೆ ಬೆಂಕಿಗೂ ಒಗ್ಗರಣೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅಮ್ಮ ಸಾಸಿವೆ ಡಬ್ಬಿಗೆ ಕೈಹಾಕಿದ ಕೂಡಲೇ ನಾನು ಸ್ಟೂಲು ಹತ್ತಿ, ಟವೆಲು ಬೀಸುತ್ತಾ ನಿಲ್ಲಬೇಕಿತ್ತು. ಸಾಸಿವೆ ಸಿಡಿಯುವ ಮೊದಲೇ ಅನಾಹುತವನ್ನು ಕಲ್ಪಿಸಿಕೊಂಡು ಬೀಸತೊಡಗುವುದೇ ಆ ಕೆಲಸದ ಗುಟ್ಟು. ದಿನಕ್ಕೆರಡು ಹೊತ್ತು ಆ ಸ್ಟೂಲಿನ ಮೇಲೆ ನಿಂತ ಹುಡುಗಿ ಮುಂದೆ ನಿಶ್ಚಿಂತೆಯಿಂದ ಬದುಕುತ್ತಾಳೆ ಎಂದು ಯಾರಾದರೂ ಹೇಗೆ ನಿರೀಕ್ಷಿಸಿಯಾರು?

ನಿಧಿಗೆ ಊಟ ಮಾಡಿಸುವುದು ಮೈಸೂರಿನಲ್ಲಿ ಕಷ್ಟವಾಗಿರಲಿಲ್ಲ. ಅಜ್ಜಿ ತಾರಸಿಗೆ ಎತ್ತಿಕೊಂಡು ಹೋಗಿ ಚಂದ್ರನನ್ನು ತೋರಿಸಿ ತಿನ್ನಿಸುತ್ತಿದ್ದರು. ಸಿಡ್ನಿಯ ಬೇಸಿಗೆಯಲ್ಲಿ ರಾತ್ರಿಯೂಟದ ಹೊತ್ತಿಗೆ ಸೂರ್ಯನೇ ಇನ್ನೂ ಮನೆಗೆ ಹೋಗಿರುವುದಿಲ್ಲ. ನಮ್ಮನ್ನು ನೋಡಿಹೋಗಲು ಬಂದಿದ್ದ ಅಜ್ಜಿ ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಹೋಗುವುದು, ಪಶ್ಚಿಮದ ಬಿಸಿಲಿಗೆ ಕಣ್ಣು ಕಿರಿದು ಮಾಡಿ ವಾಪಸ್ಸು ಬರುವುದು, ಹೀಗೆ ಒಂದು ವಾರ ನಡೆಯಿತು. ಕೊನೆಗೆ ಅವರೇ ಟಿವಿ ಹಾಕಿದರು. ಅದರಲ್ಲಿ ಟಾಂಬೊ ಇದ್ದ.

ಟಾಂಬೊ ಒಂದು ವೊಂಬ್ಯಾಟ್. ಹಂದಿಮರಿಯಾಗಲು ಹೊರಟು ಮನಸ್ಸು ಬದಲಾಯಿಸಿ ಕರಡಿಮರಿಯಾಗಲು ಹೋಗಿ, ಎರಡೂ ಆಗದೆ ನಿಂತುಹೋದಂತೆ ಕಾಣುವ ಈ ದೇಶದ ಪ್ರಾಣಿ ಅದು. ಬಿಲ ತೋಡಿಕೊಂಡು ಬದುಕುತ್ತದೆ. ಕಾರ್ಟೂನಿನ ಟಾಂಬೊ ಹಳದಿ ವೇಸ್ಟ್‌ಕೋಟು ಹಾಕಿಕೊಂಡಿದ್ದ. ಅವನು ಮಾತಾಡುತ್ತಿರಲಿಲ್ಲ, ತಿನ್ನುತ್ತಿದ್ದ. ಕೇಕು, ಕುಂಬಳಕಾಯಿ, ಪಕ್ಕದ ಮನೆಯ ಲೆಟರ್‌ಬಾಕ್ಸು, ಬಸ್ಸಿನ ಟೈರು. ತಿಂದಂತೆಲ್ಲ ಹೊಟ್ಟೆ ಉಬ್ಬಿ, ಕೊನೆಯಲ್ಲಿ ವೇಸ್ಟ್‌ಕೋಟಿನ ಗುಂಡಿ ಟಪ್ಪೆಂದು ಹಾರಿ ಯಾರದಾದರೂ ಮೂಗಿಗೆ ಬಡಿಯುತ್ತಿತ್ತು. ಇಂಗ್ಲಿಷ್ ಬಾರದ ಅಜ್ಜಿಗೂ ಐದು ತುಂಬದ ನಿಧಿಗೂ ಇದಕ್ಕಿಂತ ಸ್ಪಷ್ಟವಾದ ಕಥೆ ಬೇಕಿರಲಿಲ್ಲ. ಟಾಂಬೊ ಬಾಯಿ ತೆರೆದರೆ ನಿಧಿಯೂ ತೆರೆಯುತ್ತಿದ್ದಳು, ಆ ಬಾಯಿಗೆ ಸಾರನ್ನದ ತುತ್ತು ಹೋಗುತ್ತಿತ್ತು. ಅಜ್ಜಿ ಊರಿಗೆ ಹೋದಮೇಲೆ ಅಮ್ಮನಿಗೆ ಈ ವಿದ್ಯೆ ಸಿದ್ಧಿಸಿತು. ಗುಂಡಿ ಹಾರುವುದರೊಳಗೆ ತಟ್ಟೆ ಖಾಲಿಯಾಗಬೇಕು. ಹಾರಿತೋ, ಬಾಯಿ ಮುಚ್ಚಿತು. ಕ್ರಿಕೆಟ್ ಮ್ಯಾಚು ಟಾಂಬೊನ ಹೊತ್ತನ್ನು ನುಂಗಿದ ದಿನಗಳಿಗಾಗಿ ಟೇಪಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೆವು. ನಿಧಿಯ ಎದುರು ನಾವು ಯಾರಾದರೂ ಟಾಂಬೊನನ್ನು ಕಾರ್ಟೂನು ಎಂದರೆ ನಡೆಯುತ್ತಿರಲಿಲ್ಲ. ಅವನು ಇದ್ದಾನೆ, ಮೆಲ್ಬರ್ನಿನಲ್ಲಿ ಇದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಕಾರ್ಯಕ್ರಮದ ಕೊನೆಯಲ್ಲಿ ಅವನ ಪಾರ್ಕಿನ ಜಾಹೀರಾತು ಬರುತ್ತಿತ್ತು.

ಅಪ್ಪನಿಗೆ ಈ ಏರ್ಪಾಡು ಹಿಡಿಸಿರಲಿಲ್ಲ.

"ಊಟ ಮಾಡ್ತಿರೋದು ಅವಳಲ್ಲ ಕಣೇ, ಟಿವಿ. ಬಾಯಿಗೆ ಏನ್ ಹೋಯ್ತು ಅಂತಾನೂ ಅವಳಿಗೆ ಗೊತ್ತಿಲ್ಲ."

"ಹೌದಾ? ಹಾಗಾದ್ರೆ ಈ ಭಾನುವಾರ ನೀವೇ ತಿನ್ಸಿ. ನಾನು ಕೂತು ನೋಡ್ತೀನಿ."

ಭಾನುವಾರ ಅಪ್ಪ ಟಿವಿ ಆರಿಸಿ, ಚಮಚವನ್ನು ರೈಲು ಮಾಡಿ, ಕೂಗು ಹಾಕುತ್ತಾ ತಂದರು. ನಿಜವಾದ ರೈಲು ದಿನವಿಡೀ ಕಿಟಕಿಯ ಹಿಂದೆ ಓಡಾಡುವ ಮನೆಯಲ್ಲಿ ಇದು ಯಾರನ್ನೂ ಮರುಳು ಮಾಡುವಂತಿರಲಿಲ್ಲ. ನಿಧಿ ಮುಖ ತಿರುಗಿಸಿದಳು, ರೈಲು ಹಳಿ ತಪ್ಪಿತು, ಹುಳಿ ಮನೆಯೊಡೆಯನ ಕಾರ್ಪೆಟ್ ಮೇಲೆ ಬಿತ್ತು. ಆ ಹಳದಿ ಕಲೆಯ ಮೇಲೆ ಅಮ್ಮ ಸೋಫಾ ಎಳೆದು ಹಾಕಿದಳು. ಅಲ್ಲಿಂದ ಮುಂದೆ ಆ ಸೋಫಾ ಬಾಗಿಲಿಗೆ ಅರ್ಧ ಅಡ್ಡವಾಗಿಯೇ ಇತ್ತು; ಮನೆಗೆ ಬಂದವರೆಲ್ಲ ಸ್ವಲ್ಪ ಸೊಟ್ಟಗೆ ನಡೆದು ಒಳಗೆ ಬರುತ್ತಿದ್ದರು.

ಹೀಗೇ ಹೇಗೋ ಸಾಗುತ್ತಿತ್ತು. ಆದರೆ ಜನವರಿ ಮುಗಿಯುತ್ತಲೇ ನಿಧಿಯ ಶಾಲೆ ಶುರುವಾಗಬೇಕಿತ್ತು, ಶಾಲೆಯಲ್ಲಿ ಟಿವಿ ಇರಲಿಲ್ಲ. ಪರೀಕ್ಷಿಸಿ ನೋಡಲೆಂದು ಕೆಲವು ದಿನ ಒಂದು ಚೈಲ್ಡ್‌ಕೇರ್‌ಗೆ ಕಳಿಸಿದಾಗ ಡಬ್ಬಿ ಹೋದ ಹಾಗೇ ವಾಪಸ್ಸು ಬಂದಿತ್ತು. ಅದೇ ತಿಂಗಳು ಅಮ್ಮನಿಗೆ ಕೆಲಸ ಸಿಕ್ಕಿತು. ಮೈಸೂರಿನಲ್ಲಿ ಬ್ಯಾಂಕಿನಲ್ಲಿದ್ದವಳು ಇಲ್ಲಿಗೆ ಬಂದಮೇಲೆ ಮನೆಯಲ್ಲೇ ಕೂತಿದ್ದಳು. ಅರ್ಜಿ ಹಾಕಿ ಹಾಕಿ, ಈಗೊಂದು ಅಕೌಂಟ್ಸ್ ಆಫೀಸು ಫೆಬ್ರುವರಿಗೆ ಬಾ ಎಂದಿತ್ತು. ಅದಕ್ಕೆಂದು ಕಪ್ಪು ಶೂ ಕೊಂಡು ತಂದಿದ್ದಳು. ಅಭ್ಯಾಸವಾಗಲಿ ಎಂದು ಅದನ್ನು ಹಾಕಿಕೊಂಡೇ ದೋಸೆ ಹುಯ್ಯುತ್ತಿದ್ದಳು, ಟಕ್ ಟಕ್ ಅನ್ನುತ್ತಾ ಸಿಂಕಿನಿಂದ ಒಲೆಗೆ, ಒಲೆಯಿಂದ ಸಿಂಕಿಗೆ. ತುಂಬಿದ ಡಬ್ಬಿ ವಾಪಸ್ಸು ಬಂದ ದಿನ ಶೂ ಬಿಚ್ಚಿ ಅದರ ಪೆಟ್ಟಿಗೆಗೇ ಹಾಕಿದಳು.

"ಮಗು ಬೆಳಗಿಂದ ಖಾಲಿ ಹೊಟ್ಟೇಲಿ ಕೂತಿದೆ ಅಂತ ಗೊತ್ತಿದ್ದೂ ನಾನು ಅಲ್ಲಿ ಇನ್ನೊಬ್ಬರ ಲೆಕ್ಕ ನೋಡ್ತಾ ಕೂತಿರ್ಲಾ? ಆಗಲ್ಲ. ಇವಳು ಡಬ್ಬಿಯಿಂದ ತಿನ್ನೋದು ಕಲೀಲಿಲ್ಲ ಅಂದ್ರೆ ಫೋನ್ ಮಾಡಿ ಬರಲ್ಲ ಅಂದ್ಬಿಡ್ತೀನಿ."

ಹೀಗೆ ಅಮ್ಮನ ಕೆಲಸವೆಲ್ಲ ನಿಧಿಯ ಒಂದು ತುತ್ತಿನ ಮೇಲೆ ಬಂದು ಕೂತಿತು. ಅಪ್ಪ ನಾರ್ವೆಸ್ಟ್ ಬಡಾವಣೆಯ ಆಫೀಸಿನಲ್ಲಿ ಇಡೀ ದಿನ ಕಂಪ್ಯೂಟರುಗಳ ತೊಂದರೆಗೆ ಮೂಲ ಹುಡುಕುವವರು, ಇದಕ್ಕೂ ಹುಡುಕಿದರು.

"ನೋಡು, ತೊಂದರೆ ಇರೋದು ಡಬ್ಬೀಲಿ. ಟಾಂಬೊ ಟಿವೀಲಿ ಇದಾನೆ, ಡಬ್ಬೀಲಿ ಇಲ್ಲ. ಅವನನ್ನ ಡಬ್ಬಿಗೆ ತರ್ಬೇಕು. ಮೆಲ್ಬರ್ನ್ ಪಾರ್ಕಲ್ಲಿ ಈ ತಿಂಗಳು ಅವನ ಬರ್ತ್‌ಡೇ ಅಂತೆ. ಹೋಗೋದು, ಇವಳ ಡಬ್ಬಿ ಮುಂದೆ ಹಿಡಿಯೋದು, ಅವನು ಒಂದು ತುತ್ತು ತಿನ್ನೋದು. ಆಮೇಲೆ ಸ್ಕೂಲಲ್ಲಿ ಡಬ್ಬಿ ತೆಗೆದ್ರೆ ಸಾಕು, ಅವನ ನೆನಪಾಗತ್ತೆ."

"ಅಪ್ಪ, ಪಾರ್ಕಿನ ಟಾಂಬೊನೊಳಗೆ ಮನುಷ್ಯರು ಇರ್ತಾರೆ. ಬಾಯಿ ಬಟ್ಟೇದು. ತೆಗೆಯೋಕೇ ಬರಲ್ಲ."

"ವೀಣಾ, ನೀನು ಮೊದ್ಲು ಈ ನೆಗೆಟಿವ್ ಥಿಂಕಿಂಗ್ ಬಿಡು."

ಕಾಂಗರೂ ಅಡ್ಡ ಬರಲಿಲ್ಲ. ಮ್ಯಾಪಿನಲ್ಲಿಲ್ಲದ ರಸ್ತೆ ಮೆಲ್ಬರ್ನಿನ ಅಂಚಿನ ಕ್ರೇಗಿಬರ್ನಿನಲ್ಲಿ ಇದ್ದೇ ಇತ್ತು. ಅದರ ಕೊನೆಯಲ್ಲಿ, ಕಿಟಕಿಗಳಿಗೆ ಬೆಡ್‌ಶೀಟು ಸಿಕ್ಕಿಸಿಕೊಂಡ ಹೊಸ ಮನೆಯ ಮುಂದೆ, ಗಿರಿ ಅಂಕಲ್ ಲುಂಗಿ ಉಟ್ಟು ನಿಂತಿದ್ದರು. ಧಾರವಾಡದಿಂದ ಓದಲು ಬಂದವರು, ನಮ್ಮ ಸಿಡ್ನಿ ಮನೆಯ ಹಾಲಿನಲ್ಲಿ ಕೆಲವು ತಿಂಗಳು ಮಲಗಿದ್ದವರು. ಈಗ ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಮನೆ ಕೊಂಡು, ಕರ್ಟನ್ನಿಗೆ ಮಾತ್ರ ದುಡ್ಡು ಉಳಿಯದೆ ಕೂತಿದ್ದರು. ಬೆಳಿಗ್ಗೆ ಅಮ್ಮ ಅವರ ಅಡಿಗೆಮನೆಯಲ್ಲಿ ಡಬ್ಬಿಗೆಂದು ಮೊಸರನ್ನ ಕಲಸಿದಳು. ಆ ಕಪಾಟುಗಳಲ್ಲಿ ನೂಡಲ್ಸ್ ಪೊಟ್ಟಣಗಳ ಹೊರತು ಹೆಚ್ಚೇನೂ ಇರಲಿಲ್ಲ. ನಾನು ಅಲಾರ್ಮಿನ ಕೆಳಗೆ ಟವೆಲು ಬೀಸುತ್ತಾ, ಟಾಂಬೊನ ಬಟ್ಟೆಯ ಬಾಯಿಯ ವಿಷಯವನ್ನು ಮತ್ತೊಮ್ಮೆ ಎತ್ತಿದೆ.

"ವೈನಿ, ನಿಮ್ಮ ಮಗಳು ಭಾಳ ವಿಚಾರ ಮಾಡ್ತಾಳ," ಎಂದರು ಗಿರಿ ಅಂಕಲ್. "ಅಂವಾ ತಿಂದ್ರ ತಿಂದಾನು, ಬಿಟ್ರ ಬಿಟ್ಟಾನು. ಅಷ್ಟು ಮೊಸರನ್ನ ಐತಲ್ಲ, ನಾ ಇದ್ದೀನಿ."

"ನೀವು ತಿಂದ್ರೆ ನಿಧಿ ತಿಂತಾಳಾ?" ಎಂದಳು ಅಮ್ಮ.

"ನನ್ನ ಹೊಟ್ಟಿ ನೋಡ್ರೀ. ಟಾಂಬೊಗಿಂತ ಏನ್ ಕಡಿಮಿ ಐತಿ."

ಪಾರ್ಕಿನ ಹೆಬ್ಬಾಗಿಲು ಎಂದರೆ ಟಾಂಬೊನ ತೆರೆದ ಬಾಯಿ. ಎರಡಾಳೆತ್ತರದ ಹಲ್ಲುಗಳ ನಡುವೆ ಟಿಕೆಟ್ ಕೊಟ್ಟು ಒಳಗೆ ಹೋಗಬೇಕು. ಮೆತ್ತನೆಯ ಕೆಂಪು ನಾಲಿಗೆಯ ಮೇಲೆ ನಡೆದು ಅವನ ಗಂಟಲಿನ ಕತ್ತಲಿಗೆ ಇಳಿಯಬೇಕು. ಆ ಕತ್ತಲಲ್ಲಿ ಎಲ್ಲೋ ಗುಡುಗುಡು ಎಂದು ಹೊಟ್ಟೆಯ ಸದ್ದು. ಮತ್ತೆ ತಟ್ಟನೆ ಆಚೆ ಬಿಸಿಲಿಗೆ ಬಂದರೆ ಬ್ಯಾಂಡಿನ ಸಂಗೀತ, ಸನ್‌ಸ್ಕ್ರೀನಿನ ಮತ್ತು ಸುಟ್ಟ ಸಕ್ಕರೆಯ ವಾಸನೆ, ಗಿರಗಿರನೆ ಸುತ್ತುವ ಕುಂಬಳಕಾಯಿಗಳು, ಲೆಟರ್‌ಬಾಕ್ಸುಗಳನ್ನೇ ಡಬ್ಬಿ ಮಾಡಿಕೊಂಡ ಪುಟ್ಟ ರೈಲು. ಟಿವಿಯಲ್ಲಿ ಬೆರಳುದ್ದ ಇದ್ದುದೆಲ್ಲ ನಮಗಿಂತ ಎತ್ತರವಾಗಿ ನಿಂತಿತ್ತು. ಅಪ್ಪ ರೈಲಿನಲ್ಲಿ ಕೂತು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ಆಫೀಸಿನಲ್ಲಿ ಯಾರೂ ಕೇಳಿರಲಾರದಂಥ ದನಿಯಲ್ಲಿ ನಕ್ಕರು. ಅಮ್ಮ ಕುಂಬಳಕಾಯಿಯೊಳಗೆ ಕೂತು ಸುತ್ತಿದಳು, ಇಳಿದು ಮತ್ತೆ ಹತ್ತಿದಳು. ನಾನು ಬೋಲ್ಟುಗಳನ್ನು ಪರೀಕ್ಷಿಸುತ್ತಾ ಓಡಾಡುತ್ತಿದ್ದೆ. ಅಷ್ಟರಲ್ಲಿ ಬ್ಯಾಂಡಿನ ಧಾಟಿ ಬದಲಾಗಿ, ಯೂಕಲಿಪ್ಟಸ್ ಮರಗಳ ಸಾಲಿನ ಕೆಳಗೆ ಹಳದಿ ವೇಸ್ಟ್‌ಕೋಟು ಕಾಣಿಸಿತು. ಹೊಟ್ಟೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತಾ, ಅದೇ ನಡಿಗೆಯಲ್ಲಿ, ಅವನು ಬರುತ್ತಿದ್ದ. ಒಳಗೆ ಮನುಷ್ಯರಿರುತ್ತಾರೆ ಎಂದು ಎಲ್ಲರಿಗೂ ತಿಳಿಹೇಳಿದ್ದ ನಾನು ನಿಧಿಯ ಕೈಬಿಟ್ಟು ಓಡಿದೆ. ಅವಳಿಗಿಂತ ಮೊದಲು ಹೋಗಿ ಅವನ ಹೊಟ್ಟೆಗೆ ಮುಖ ಒತ್ತಿದೆ. ಧೂಳಿನ ವಾಸನೆ, ಬೆವರಿನ ವಾಸನೆ, ಮತ್ತು ನಾನು ಅವತ್ತಿನವರೆಗೆ ಕಂಡಿರದಷ್ಟು ಮೆತ್ತಗಿನ ತುಪ್ಪಳ. ಎಷ್ಟು ಹೊತ್ತು ಹಾಗೆ ಇದ್ದೆನೋ, ಅಷ್ಟು ಹೊತ್ತು ನನಗೆ ಯಾವ ಚಿಂತೆಯೂ ಇರಲಿಲ್ಲ. ಆಮೇಲೆ ಯಾವ ಧ್ಯಾನಶಿಬಿರವೂ ನನಗೆ ಅದನ್ನು ವಾಪಸ್ಸು ಕೊಟ್ಟಿಲ್ಲ.

ನಿಧಿ ಓಡಿ ಬರಲಿಲ್ಲ. ಮೆಲ್ಲಗೆ ನಡೆದು ಬಂದು, ಮರದ ನೆರಳಿನಲ್ಲಿ ಅವನೆದುರು ನಿಂತು, ಸ್ಟೀಲ್ ಡಬ್ಬಿಯ ಮುಚ್ಚಳ ತಾನೇ ತೆಗೆದು, ಚಮಚದಲ್ಲಿ ಮೊಸರನ್ನ ತುಂಬಿ ಮೇಲೆತ್ತಿದಳು. ಟಾಂಬೊ ತಲೆ ಬಗ್ಗಿಸಿ ನೋಡಿದ. ಎರಡೂ ಪಂಜಗಳಿಂದ ಹೊಟ್ಟೆ ಸವರಿಕೊಂಡ. ಚಮಚ ಅಲ್ಲೇ ನಿಂತಿತ್ತು. ಅವನ ಬಾಯಿ, ನಾನು ಹೇಳಿದ್ದಂತೆಯೇ, ಹೊಲಿದ ನಗುವಾಗಿತ್ತು.

"ಹಿ ಈಸ್ ನಾಟ್ ಓಪನಿಂಗ್," ಎಂದಳು ನಿಧಿ. ಅವಳ ಕೆಳತುಟಿ ಮುಂದೆ ಬಂದಿತ್ತು.

ಟಾಂಬೊನ ಜೊತೆಗಿದ್ದ, ಪಾರ್ಕಿನ ಟೋಪಿ ಹಾಕಿದ ಹುಡುಗಿ ಬಗ್ಗಿ ಒಳ್ಳೆಯ ಮನಸ್ಸಿನಿಂದಲೇ ಹೇಳತೊಡಗಿದಳು:

"ಸಾರಿ ಲವ್, ಟಾಂಬೊ ಕಾಂಟ್ ಈಟ್ ಇನ್ ದಿ ಸೂ..."

"ಫಾಸ್ಟಿಂಗ್," ಎಂದಳು ಅಮ್ಮ, ಸೂಟ್ ಎಂಬ ಮಾತು ಮುಗಿಯುವ ಮೊದಲೇ. ಆ ಹುಡುಗಿಯ ತೋಳು ಹಿಡಿದುಕೊಂಡಿದ್ದಳು. "ಹಿ ಈಸ್ ಫಾಸ್ಟಿಂಗ್ ಟುಡೇ, ನೋ? ಪ್ಲೀಸ್, ಫಾಸ್ಟಿಂಗ್." ಆಮೇಲೆ ನಿಧಿಯ ಕಡೆ ತಿರುಗಿ, ದನಿ ತಗ್ಗಿಸಿ: "ಇವತ್ತು ಏಕಾದಶಿ ಪುಟ್ಟಿ. ಅಜ್ಜಿ ಏಕಾದಶಿ ದಿನ ಅನ್ನ ಮುಟ್ತಿರ್ಲಿಲ್ಲ ಅಲ್ವಾ, ಹಾಗೇ ಇವನೂ."

ಹುಡುಗಿ ಅಮ್ಮನನ್ನು ನೋಡಿದಳು, ತನ್ನ ತೋಳಿನ ಮೇಲಿದ್ದ ಕೈಯನ್ನು ನೋಡಿದಳು, ಟಾಂಬೊನನ್ನು ನೋಡಿದಳು.

"ಯಾ," ಎಂದಳು. "ಹಿ ಈಸ್... ಫಾಸ್ಟಿಂಗ್."

"ಬಟ್ ಇಟ್ಸ್ ಹಿಸ್ ಬರ್ತ್‌ಡೇ," ಎಂದಳು ನಿಧಿ.

"ಹುಟ್ಟಿದಬ್ಬಾನೂ ಏಕಾದಶೀನೂ ಒಂದೇ ದಿನ ಬಂದ್ರೆ ಪಾಪ ಅವನೇನ್ ಮಾಡ್ತಾನೆ?"

ಅಪ್ಪ ಆಕಾಶ ನೋಡುತ್ತಿದ್ದರು. ಗಿರಿ ಅಂಕಲ್ ಕೆಮ್ಮುತ್ತಾ ಆಚೆ ಹೋದರು. ನಿಧಿ ಟಾಂಬೊನನ್ನು ಬಹಳ ಹೊತ್ತು, ಸಾಕ್ಷಿ ಕೇಳುವ ವಕೀಲರ ಹಾಗೆ ನೋಡಿದಳು. ಒಳಗಿದ್ದವರಿಗೆ ಅಮ್ಮನ ಇಂಗ್ಲಿಷಿನಲ್ಲಿ ಎಷ್ಟು ಕೇಳಿಸಿತ್ತೋ, ದೊಡ್ಡ ತಲೆ ನಿಧಾನವಾಗಿ ಮೇಲೆ ಕೆಳಗೆ ಆಡಿತು. ಒಂದು ಪಂಜ ಹೊಟ್ಟೆಯ ಮೇಲೆ ಬಂತು, ಇನ್ನೊಂದು ಕಣ್ಣೊರೆಸಿಕೊಂಡಿತು. ನಿಧಿ ಚಮಚ ಕೆಳಗಿಳಿಸಿದಳು.

"ಹೂ ವಿಲ್ ಈಟ್ ಹಿಸ್ ಶೇರ್?"

ಅಮ್ಮ ನಿಂತಲ್ಲೇ ಒಂದು ಶಾಸ್ತ್ರ ಕಟ್ಟಿದಳು. ಮೊದಲಿನಿಂದಲೂ ಇದ್ದ ಹಾಗೆ ಹೇಳಿದಳು. "ಉಪವಾಸ ಇರೋರ ಪಾಲನ್ನ ಮನೇಲಿ ಎಲ್ಲರಿಗಿಂತ ಚಿಕ್ಕವರು ತಿನ್ಬೇಕು. ಆಗ್ಲೇ ಅವರಿಗೆ ಹೊಟ್ಟೆ ತುಂಬೋದು. ಅಜ್ಜೀನೇ ಹೇಳಿದ್ದು." ಅಜ್ಜಿ ಅಂಥದ್ದೇನನ್ನೂ ಹೇಳಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಇವತ್ತಿಗೂ ಏಕಾದಶಿಯ ದಿನ ಆ ಶಾಸ್ತ್ರ ನಡೆಯುತ್ತದೆ.

ಟಾಂಬೊ ಕೈಬೀಸಿ ಬಿಡುವಿಗೆ ಹೊರಟ. ನಾವು ಹುಲ್ಲಿನ ಮೇಲೆ ಚಾದರ ಹಾಸಿ ಕೂತೆವು. ಅಮ್ಮ ದೊಡ್ಡ ಡಬ್ಬಿಯಿಂದ ನಮಗೆಲ್ಲ ಪೇಪರ್ ತಟ್ಟೆಗಳಿಗೆ ಬಡಿಸಿದಳು. ನಾವು ತಿನ್ನುವಂತೆ ನಟಿಸುತ್ತಾ, ನಟಿಸುತ್ತಲೇ ತಿನ್ನುತ್ತಾ, ನಿಧಿಯ ಕೈಯನ್ನು ಮಾತ್ರ ನೋಡುತ್ತಿದ್ದೆವು. ಅವಳು ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರೊಳಗೆ ನೋಡುತ್ತಾ ಕೂತಿದ್ದಳು. ಆಗಲೇ ನನಗೆ ಅವಳ ಬೆನ್ನ ಹಿಂದೆ, ಐಸ್‌ಕ್ರೀಮ್ ಅಂಗಡಿಯ ಮರದ ಬೇಲಿಯ ಬಾಗಿಲು ಗಾಳಿಗೆ ತೆರೆದುಕೊಂಡದ್ದು ಕಂಡಿತು. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಳದಿ ವೇಸ್ಟ್‌ಕೋಟು ಕೂತಿತ್ತು. ಪಕ್ಕದ ನೆಲದ ಮೇಲೆ ಟಾಂಬೊನ ತಲೆ. ವೇಸ್ಟ್‌ಕೋಟಿನ ಮೇಲಿದ್ದದ್ದು ಅಮ್ಮನ ವಯಸ್ಸಿನ ಹೆಂಗಸೊಬ್ಬಳ ಕೆಂಪಗೆ ಬೆವೆತ ಮುಖ. ಆಕೆ ಎರಡೂ ಕೈಯಲ್ಲಿ ಹಿಡಿದು ಮಾಂಸದ ಪೈ ತಿನ್ನುತ್ತಿದ್ದಳು, ಗದ್ದದ ತುಂಬ ಟೊಮ್ಯಾಟೊ ಸಾಸು. ಅಪ್ಪನೂ ನೋಡಿದರು.

"ಏಕಾದಶಿ ದಿನ," ಎಂದರು ಮೆಲ್ಲಗೆ.

ನಾನು ಎದ್ದು ನಿಧಿಯ ಹಿಂದೆ ಹೋಗಿ ನಿಂತು, ಚಾದರದ ಎರಡು ತುದಿ ಹಿಡಿದು, ಕೊಡವುವವಳಂತೆ ಪರದೆ ಮಾಡಿದೆ. ಅಮ್ಮ ಇನ್ನೂ ಅದರ ಮೇಲೆ ಕೂತಿದ್ದಳು. ಬೇಲಿಯ ಆಚೆಯ ಹೆಂಗಸು ನನ್ನನ್ನು ಕಂಡಳು, ನನ್ನ ಹಿಂದೆ ಕೂತಿದ್ದ ಪುಟ್ಟ ಬೆನ್ನನ್ನು ಕಂಡಳು. ಪೈಯನ್ನು ಒಟ್ಟಿಗೇ ಬಾಯಿಗೆ ತುರುಕಿ, ತಲೆಯನ್ನೆತ್ತಿ ಹಾಕಿಕೊಂಡಳು. ಹಾಕಿಕೊಂಡ ಕ್ಷಣದಲ್ಲಿ ಭುಜ ಇಳಿದವು, ಹೊಟ್ಟೆ ಮುಂದೆ ಬಂತು, ಕುರ್ಚಿಯಿಂದ ಎದ್ದದ್ದು ಟಾಂಬೊನೇ. ನನ್ನ ಮಟ್ಟಿಗೆ ಇವತ್ತಿಗೂ ಅವನು ಕಳಚಿಲ್ಲ.

ಚಾದರ ಬಿಟ್ಟು ತಿರುಗಿದರೆ ನಿಧಿಯ ಬಾಯಿ ತುಂಬಿತ್ತು. ನಿಧಿ ಜಗಿದಳು, ಎಂದಿನಂತೆ ಗುಳುಂ ಎಂದು ನುಂಗದೆ, ಎಡಕ್ಕೂ ಬಲಕ್ಕೂ ಆಡಿಸಿ ಜಗಿದಳು. ಇನ್ನೊಂದು ಚಮಚ ತೆಗೆದುಕೊಂಡಳು. ಅದನ್ನೂ ಜಗಿದು ನುಂಗಿ, ಹುಬ್ಬು ಗಂಟು ಹಾಕಿಕೊಂಡು ಅಮ್ಮನ ಕಡೆ ನೋಡಿದಳು.

"ಏನಾಯ್ತು ಪುಟ್ಟಿ? ಸಾಕಾ?"

ನಿಧಿ ಡಬ್ಬಿಯನ್ನು ಅಮ್ಮನ ಕಡೆ ಚಾಚಿದಳು.

"ಉಪ್ಪೇ ಇಲ್ಲ ಅಮ್ಮ," ಎಂದಳು, ಕನ್ನಡದಲ್ಲೇ. "ಹಾಕ್ಕೊಡು. ಇನ್ನೂ ತಿನ್ಬೇಕು."

ಅಪ್ಪ ತಮ್ಮ ತಟ್ಟೆ ನೋಡಿಕೊಂಡರು, ಖಾಲಿಯಾಗಿತ್ತು. ಗಿರಿ ಅಂಕಲ್ ಎರಡನೇ ಸಲ ಬಡಿಸಿಕೊಂಡಿದ್ದರು. ನಾನು ಬೆರಳು ನೆಕ್ಕಿಯಾಗಿತ್ತು. ಅಮ್ಮ ಡಬ್ಬಿಯಿಂದ ನಾಲ್ಕು ಅಗುಳು ತೆಗೆದು ಬಾಯಿಗೆ ಹಾಕಿಕೊಂಡಳು.

ಇರಲಿಲ್ಲ.